ಪಕ್ಕದ ಮನೆಯವನ ಕುಡಿತ
ಯಾರು ಎಷ್ಟು ಕುಡಿಯುತ್ತಾರೆಂದು ಕೇಳುವ ಆರೋಗ್ಯ ಸಮೀಕ್ಷೆಗೆ ಓಡಾಡಿದ ಮೇಲೆ ಒಂದು ವಿಷಯ ಖಾತ್ರಿಯಾಯಿತು. ನಮ್ಮ ಹೊಸಪೇಟೆ ಸೀಮೆಯಲ್ಲಿ ಯಾರೂ ಕುಡಿಯುವುದಿಲ್ಲ, ವೈನ್ ಶಾಪುಗಳು ಧರ್ಮಕ್ಕೆ ಬಾಗಿಲು ತೆರೆದಿರುತ್ತವೆ. ಗಣಿ ಜೋರಾಗಿದ್ದ ಕಾಲ. ಗಾದಿಗನೂರಿನ ಹೊರಗೆ ಅದಿರು ಲಾರಿ ಓಡಿಸುವವನೊಬ್ಬನನ್ನು ಅವನ ಮನೆ ಮುಂದೆಯೇ ಕೇಳಿದೆ.

"ನಾ ಮುಟ್ಟಂಗೇ ಇಲ್ರಿ. ಮಾಲಕರಿಗೆ ಗೊತ್ತಾದ್ರ ಗಾಡಿಯಿಂದ ಇಳಿಸ್ತಾರ."

"ಹೆಸರು ಬರಿಯಂಗಿಲ್ರಿ," ಅಂದೆ.

ಹತ್ತಿರ ಸರಿದ. "ನಂದು ಬ್ಯಾಡ, ಪಕ್ಕದ ಮನಿಯವಂದು ಹೇಳ್ತೀನಿ. ದಿನಾ ಸಂಜಿಗೆ ಎರಡು ಕ್ವಾರ್ಟರ್ ಬೇಕು ಅವಂಗ. ಮುಂಜಾನೆ ಕೈ ನಡುಗ್ತಾವ. ಹೆಂಡ್ತಿ ಮಗಳ್ನ ಕರ್ಕೊಂಡು ಕಂಪ್ಲಿಗೆ ತವರಿಗೆ ಹೋಗ್ಯಾಳ. ಇದಕ್ಕೇನರ ಔಷಧ ಐತೇನ್ರಿ?"

ಅವನ ಮನೆಯ ಒಂದು ಪಕ್ಕ ಜೋಳದ ಹೊಲ, ಇನ್ನೊಂದು ಪಕ್ಕ ಕೆಂಪು ಧೂಳು ಹೊದ್ದ ಜಾಲಿ. ಕಣ್ಣಳತೆಯಲ್ಲಿ ಬೇರೆ ಮನೆಯೇ ಇರಲಿಲ್ಲ.

"ಐತ್ರಿ. ಮಂಗಳವಾರ ಹೊಸಪೇಟೆ ಆಸ್ಪತ್ರೆಗೆ ಕಳಿಸ್ರಿ ಅವರ್ನ, ನಾನೂ ಅಲ್ಲೇ ಇರ್ತೀನಿ," ಅಂದೆ.

ಮಂಗಳವಾರ ಇಸ್ತ್ರಿ ಅಂಗಿ ಹಾಕಿಕೊಂಡು ಅವನೇ ಬಂದ. ಪಕ್ಕದ ಮನೆಯವರು ಎಲ್ಲಿ ಎಂದು ಕೇಳಿದೆ.

"ಅವಂಗ ಭಾಳ ನಾಚಿಕಿ ರೀ. ಅವನ ಬದಲಿ ನಾನೇ ತೋರಿಸ್ಕೊಂತೀನಿ."

ಔಷಧ ಹತ್ತಿತು, ಹೆಂಡತಿ ಮಗಳು ತಿರುಗಿ ಬಂದರು. ಪಕ್ಕದ ಮನೆಯವನು ಪೂರ್ತಿ ಬಿಟ್ಟಿದ್ದಾನಂತೆ. ಇವನಂತೂ ಮೊದಲಿಂದಲೂ ಮುಟ್ಟಿದವನೇ ಅಲ್ಲ.