ಅಲೆ ಒಡೆಯದ ಜಾಗ

ಚಿಕ್ಕಮ್ಮನ ಎಡಗಿವಿಯ ಹಾಲೆ ಹರಿದು ಎರಡಾಗಿತ್ತು. ಕಡಲಿನಲ್ಲಿ ಮುಳುಗುತ್ತಿದ್ದ ನಾನು ಅವಳ ಬೆಂಡೋಲೆಗೆ ಜೋತುಬಿದ್ದ ದಿನ ಆದ ಗಾಯ ಅದು. ಆಮೇಲೆ ಆ ಕಿವಿಗೆ ಅವಳು ಏನನ್ನೂ ಹಾಕಲಿಲ್ಲ, ಹೊಲಿಸಿಕೊಳ್ಳಲೂ ಇಲ್ಲ.

ನನ್ನ ತಾಯಿ ತೀರಿಕೊಂಡ ಮೇಲೆ ನನ್ನನ್ನು ಬಂಟ್ವಾಳಕ್ಕೆ, ತನ್ನ ಗಂಡನ ಮನೆಗೆ ಕರೆತಂದು ಸಾಕಿದವಳು ಅವಳು. ಚಿಕ್ಕಪ್ಪ ಮುಂಬಯಿಯಲ್ಲಿ ಹೋಟೆಲು ನಡೆಸುತ್ತಿದ್ದರು. ಮನೆಯ ಯಜಮಾನಿಕೆ ಅವರ ಅಣ್ಣನದು; ಮಕ್ಕಳು ನಾವು ಅವರನ್ನು ದೊಡ್ಡಪ್ಪ ಎನ್ನುತ್ತಿದ್ದೆವು. ಚಿಕ್ಕಮ್ಮ ಹುಟ್ಟಿ ಬೆಳೆದದ್ದು ಕಡಲ ಕರೆಯಲ್ಲಿ. ನೇತ್ರಾವತಿಗೆ ಬಟ್ಟೆ ಒಗೆಯಲು ಹೋದರೂ ಮೊದಲು ತೆಂಗಿನ ಸಿಪ್ಪೆಯೊಂದನ್ನು ಎಸೆದು, ಅದು ಹೋಗುವ ದಾರಿ ನೋಡಿಯೇ ನಮ್ಮನ್ನು ಇಳಿಯಗೊಡುತ್ತಿದ್ದಳು. ‘ನೀರಿನ ಮುಖ ನೋಡಬಾರದು, ಕಾಲು ನೋಡಬೇಕು’ ಎನ್ನುವುದು ಅವಳ ಮಾತು.

ಐವತ್ತರ ದಶಕದ ಒಂದು ಬೇಸಗೆ. ಬೆಳ್ತಂಗಡಿಯಿಂದ ಬಂದಿದ್ದ ದೊಡ್ಡಪ್ಪನ ಬೀಗರಿಗೆ ಕಡಲಲ್ಲಿ ಮೀಯುವ ಆಸೆಯಾಯಿತು. ಬಾಡಿಗೆ ವ್ಯಾನಿನಲ್ಲಿ ಮಂಗಳೂರು ದಾಟಿ ಹೋದೆವು. ಚಿಕ್ಕಮ್ಮ ದಡದುದ್ದಕ್ಕೆ ನಡೆದು ಒಂದು ಜಾಗ ಹುಡುಕಿದಳು. ಅಲ್ಲಿ ದೂರದ ಬಂಡೆಸಾಲಿನ ಮರೆಯಲ್ಲಿ ಮೊಣಕಾಲೆತ್ತರದ ಅಲೆಗಳು ಒಂದರ ಹಿಂದೆ ಒಂದು ಮುರಿಯುತ್ತಿದ್ದವು. ದೊಡ್ಡಪ್ಪನಿಗೆ ಅಲ್ಲಿನ ಒಣಮೀನಿನ ವಾಸನೆ ಹಿಡಿಸಲಿಲ್ಲ. ಬೀಗರನ್ನು ಕರೆದುಕೊಂಡು ನೂರು ಮಾರು ಆಚೆ ನಡೆದರು. ಅಲ್ಲಿ ಎರಡೂ ಬದಿಗೆ ಅಲೆ ಒಡೆಯುತ್ತಿತ್ತು. ನಡುವಿನ ಒಂದು ಪಟ್ಟಿ ಮಾತ್ರ ನುಣ್ಣಗೆ ಮಲಗಿತ್ತು.

“ಇದು ನೋಡು, ಕೆರೆಯ ಹಾಗೆ ಉಂಟು,” ಎಂದರು.

“ಬೇಡ ಭಾವ. ಅಲೆ ಒಡೆಯದಲ್ಲಿ ಕಡಲು ಒಳಗೆ ಎಳೀತದೆ.”

“ನೀನು ಬುತ್ತಿ ಬಿಚ್ಚು ಮಾರಾಯ್ತಿ. ಜಾಗ ನಾನು ನೋಡ್ತೇನೆ.”

ಅವಳು ಬುತ್ತಿ ಬಿಚ್ಚುತ್ತಿದ್ದಾಗಲೇ ಅವಳ ಒಬ್ಬನೇ ಮಗನನ್ನೂ ನನ್ನನ್ನೂ ದೊಡ್ಡಪ್ಪ ನೀರಿಗೆ ಕಳಿಸಿದರು. ಅವನಿಗೆ ಹತ್ತು, ನನಗೆ ಎಂಟು. ಸೊಂಟಮಟ್ಟದ ನೀರಿನಲ್ಲಿ ಕಾಲಡಿಯ ಮರಳು ಜಾರಿತು, ಕಡಲು ಇಬ್ಬರನ್ನೂ ಒಳಗೆ ಎಳೆಯಿತು. ಚಿಕ್ಕಮ್ಮ ಓಡಿಬಂದು ನೀರಿಗೆ ಹಾರಿದಳು. ನನ್ನನ್ನು ದಡಕ್ಕೆ ಎಳೆದು ಹಾಕಿ ಅವಳು ಮತ್ತೆ ಹಾರಿದಳು, ಮತ್ತೆ ಮತ್ತೆ ಹಾರಿದಳು. ಅವನು ಸಿಕ್ಕಿದ್ದು ಮರುದಿನ.

ಜಾಗ ತೋರಿಸಿದ್ದು ಅವಳೇ, ಕಡಲಿನವಳೆಂದು ನಂಬಿ ಕೆಟ್ಟೆವು ಎಂದು ದೊಡ್ಡಪ್ಪ ಮುಂಬಯಿಗೆ ಬರೆದರು. ಬೀಗರೂ ಹೌದೆಂದರು. ಚಿಕ್ಕಪ್ಪ ಊರಿಗೆ ಬರುವುದನ್ನೇ ಬಿಟ್ಟರು. ಅವಳ ಕಾಗದಗಳು ಒಡೆಯದೆ ವಾಪಸಾದವು. ಮೂಡುಬಿದಿರೆಯ ಒಂದು ಮದುವೆಯಲ್ಲಿ, ಅವಳ ಮಡಿಲಲ್ಲಿ ಆಡುತ್ತಿದ್ದ ಕೂಸನ್ನು ತಾಯಿ ಓಡಿಬಂದು ಎತ್ತಿಕೊಂಡದ್ದನ್ನು ನಾನೇ ನೋಡಿದ್ದೇನೆ. ನಿಜ ನನಗೆ ಗೊತ್ತಿತ್ತು. ದೊಡ್ಡಪ್ಪನ ಮನೆಯ ಅನ್ನ ಉಣ್ಣುತ್ತಿದ್ದೆ, ಬಾಯಿ ಬಿಡಲಿಲ್ಲ.

ತವರಿಗೆ ಹೋಗೆಂದವರಿಗೆ ಅವಳು, “ನಾನು ಹೋದರೆ ಭಾವನಿಗೆ ಮರೆತುಹೋಗ್ತದೆ,” ಎಂದಳು. ಹನ್ನೆರಡು ವರ್ಷ ಅದೇ ದೊಡ್ಡಪ್ಪನಿಗೆ ಬಡಿಸಿದಳು. ಬಡಿಸುವಾಗ ಮಗನ ಬಟ್ಟಲನ್ನೂ ತೊಳೆದು ಅವರ ಎದುರಿಗಿಡುತ್ತಿದ್ದಳು. ತೆಗೆ ಎನ್ನುವ ಧೈರ್ಯ ಅವರಿಗೆ ಬರಲಿಲ್ಲ. ಹಬ್ಬದ ದಿನವೂ ಅವಳು ಪಾಯಸ ಮುಟ್ಟುತ್ತಿರಲಿಲ್ಲ.

ಅರವತ್ತರ ದಶಕದಲ್ಲಿ ದೊಡ್ಡಪ್ಪನ ಕಿರಿಯ ಮಗಳು ಗಂಡ, ಮಕ್ಕಳೊಂದಿಗೆ ಮುಂಬಯಿಯಿಂದ ಬಂದಳು. ಮಕ್ಕಳಿಗೆ ಕಡಲು ಬೇಕು. ಯಾರೂ ಕರೆಯದಿದ್ದರೂ ಚಿಕ್ಕಮ್ಮ ಹೊರಟಳು, ಜೊತೆಗೆ ನಾನು. ಅದೇ ದಡದಲ್ಲಿ ದೊಡ್ಡಪ್ಪನ ಮಗಳು, ಎಲ್ಲಿ ಇಳಿಯುವುದೆಂದು ಚಿಕ್ಕಮ್ಮನನ್ನೇ ಕೇಳಿದಳು. ಅವಳು ಮರಳಲ್ಲಿ ಕೂತುಬಿಟ್ಟಳು.

“ಭಾವ ಹೇಳಲಿ. ಜಾಗ ನೋಡುವವರು ಅವರು.”

ದೊಡ್ಡಪ್ಪ ನೀರನ್ನು ನೋಡಿದರು. ನೀನೇ ತೋರಿಸು ಎಂದರು.

“ತೋರಿಸ್ತೇನೆ. ಅಂದು ತೋರಿಸಿದ್ದು ಯಾರು, ಮೊದಲು ಹೇಳಿ. ನಿಮ್ಮ ಮಗಳು ಕೇಳಲಿ.”

ಏನೂ ತಿಳಿಯದ ಅಳಿಯ, ನೀರೆಲ್ಲ ಒಂದೇ ಎಂದು ನಕ್ಕು, ಮಕ್ಕಳ ಕೈಹಿಡಿದು ನುಣ್ಣಗಿದ್ದ ಪಟ್ಟಿಯತ್ತ ನಡೆದ. ನಾನು ಎದ್ದೆ. ಚಿಕ್ಕಮ್ಮ ನನ್ನ ಸೆರಗು ಜಗ್ಗಿ ಕೂರಿಸಿದಳು. ಅವಳ ಕಣ್ಣು ಮಕ್ಕಳ ಮೇಲಿರಲಿಲ್ಲ, ದೊಡ್ಡಪ್ಪನ ಬಾಯಿಯ ಮೇಲಿತ್ತು. ನೀರು ಮಕ್ಕಳ ಮೊಣಕಾಲಿಗೆ ಬಂತು.

“ನಿಲ್ಲಿಸಿ,” ಎಂದರು ದೊಡ್ಡಪ್ಪ. “ನಾನು. ಅಂದು ಜಾಗ ತೋರಿಸಿದ್ದು ನಾನು. ಇವಳು ಬೇಡ ಅಂದಿದ್ದಳು.”

ಅವಳು ಎದ್ದುಹೋಗಿ ಮಕ್ಕಳನ್ನು ಕರೆತಂದಳು. ಸಣ್ಣ ಅಲೆಗಳಿದ್ದ ಕಡೆ ಒಯ್ದು ಮನದಣಿಯೆ ಮೀಯಿಸಿದಳು. ದೊಡ್ಡಪ್ಪ ಬಾಯಿ ಬಿಡದಿದ್ದರೆ ಅವಳು ಏಳುತ್ತಿದ್ದಳೇ? ಕೇಳುವ ಧೈರ್ಯ ನನಗೆ ಎಂದೂ ಬರಲಿಲ್ಲ.

ಅದೇ ಮಾತನ್ನು ದೊಡ್ಡಪ್ಪನ ಕೈಯಿಂದಲೇ ಮುಂಬಯಿಗೆ ಕಾಗದದಲ್ಲೂ ಬರೆಸಿದಳು. ಓದಿ ಚಿಕ್ಕಪ್ಪ ಓಡಿಬಂದರು. ಅವಳು ನೀರು ಕೊಟ್ಟಳು, ಕೂರಲು ಚಾಪೆ ಹಾಕಲಿಲ್ಲ. ಸಂಜೆಯ ಬಸ್ಸಿಗೆ ಅವರು ಹಿಂದಿರುಗಿದರು. ಮರುವರ್ಷ ದೊಡ್ಡಪ್ಪ ತೀರಿಕೊಂಡರು. ಅವರ ಉತ್ತರಕ್ರಿಯೆಯ ಬೊಜ್ಜದ ಊಟಕ್ಕೆ ಅವಳು ಮೊದಲ ಪಂಕ್ತಿಯಲ್ಲೇ ಕೂತಳು. ಪಾಯಸ ಬಂದಾಗ ಊರವರೆಲ್ಲ ನೋಡುತ್ತಿದ್ದಂತೆ, “ಇನ್ನೊಂದು ಸೌಟು ಹಾಕಿ,” ಎಂದಳು.

ಆಮೇಲೆ ಅವಳೂ ಹೆಚ್ಚು ಕಾಲ ಇರಲಿಲ್ಲ. ನಾನಾಗ ಬೆಳ್ತಂಗಡಿಯಲ್ಲಿ ಟೀಚರಾಗಿದ್ದೆ. ಕಾಮಾಲೆಯಿಂದ ಮಲಗಿದ್ದ ಅವಳನ್ನು ನನ್ನ ಬಾಡಿಗೆ ಮನೆಗೆ ತಂದು ಇಟ್ಟುಕೊಂಡೆ. ಒಂದು ಮಧ್ಯಾಹ್ನ, ಅಂದು ನನ್ನನ್ನು ಬಿಟ್ಟು ಮಗನ ಕಡೆಗೇ ಹೋಗಬಹುದಿತ್ತಲ್ಲ ಎಂದು ಕೇಳಿಯೇಬಿಟ್ಟೆ.

“ನಿನ್ನ ಕೈ ಹತ್ತಿರ ಇತ್ತು,” ಎಂದಳು.

ಮೂರನೆಯ ದಿನ ಹೋಗಿಬಿಟ್ಟಳು. ತಾನು ಸತ್ತರೆ ಚಿಕ್ಕಪ್ಪನಿಗೆ ತಂತಿ ಕೊಡಬಾರದೆಂದು ಹೇಳಿದ್ದಳು. ನೆರೆಯವರು ಎಷ್ಟೋ ಒತ್ತಾಯ ಮಾಡಿದರು. ನಾನು ಕೊಡಲಿಲ್ಲ.