ಮೂರು ಎಣಿಸುವಷ್ಟು ತಡ

ಎಂ.ಎ. ಓದುತ್ತಿದ್ದಾಗ ಧಾರವಾಡದ ಸಪ್ತಾಪುರದ ಒಂದು ನೆಟ್ ಸೆಂಟರಿನಲ್ಲಿ ಎರಡು ವರ್ಷ ಕೆಲಸ ಮಾಡಿದೆ. ಬೆಳಿಗ್ಗೆ ಕ್ಲಾಸು, ಮಧ್ಯಾಹ್ನ ಅಲ್ಲಿ ಕೂರುವುದು. ಹೊಸ ಶತಮಾನ ಹುಟ್ಟಿ ಮೂರೋ ನಾಲ್ಕೋ ವರ್ಷವಾಗಿತ್ತು. ಮೊದಲು ಬರೀ ಟೈಪಿಂಗು, ಪ್ರಿಂಟು, ಪರೀಕ್ಷೆಯ ರಿಸಲ್ಟು. ಆಮೇಲೆ ಇಂಟರ್ನೆಟ್ಟಿನ ಮೂಲಕ ಪರದೇಶಕ್ಕೆ ಫೋನು ಮಾಡುವುದು ಬಂತು. ಎಸ್‌ಟಿಡಿ ಬೂತಿನಲ್ಲಿ ಮಸ್ಕತ್ತಿಗೆ ನಾಲ್ಕು ಮಾತಾಡುವ ರೊಕ್ಕಕ್ಕೆ ನಮ್ಮಲ್ಲಿ ಮನಸಾರೆ ಮಾತಾಡಬಹುದಿತ್ತು. ಗಂಡ ದುಬೈಯಲ್ಲಿರುವ ಹೆಂಗಸರು, ಅಣ್ಣ ಕುವೈತಿನಲ್ಲಿರುವ ತಂಗಿಯರು, ಸತ್ತೂರಿನ ಮೆಡಿಕಲ್ ಕಾಲೇಜಿಗೆ ಪರದೇಶದಿಂದ ಓದಲು ಬಂದವರು ಎಲ್ಲರೂ ನಮ್ಮ ಪ್ಲೈವುಡ್ ಗೂಡುಗಳಿಗೆ ಬರತೊಡಗಿದರು.

ಇಂಥ ಫೋನಿನ ಸೇವೆ ಕೊಡುವ ಕಂಪನಿಗಳು ಮೂರು ಸಿಕ್ಕವು. ಯಾವುದು ಒಳ್ಳೆಯದು ಅಂತ ನೋಡುವ ಕೆಲಸವನ್ನು ಮಾಲೀಕರು ನನಗೆ ಹಚ್ಚಿದರು. ನಾನೋ, ಹಚ್ಚಿದ ಕೆಲಸವನ್ನು ಬಿಡುವ ಪೈಕಿ ಅಲ್ಲ. ಒಂದು ವಾರ ಮೂರರಲ್ಲೂ ಮಾತಾಡಿಸಿ, ಕಿವಿಗೊಟ್ಟು ಕೇಳಿ, ಬರೆದಿಟ್ಟೆ. ಮೊದಲನೆಯದು ಪಕ್ಕದ ಮನೆಯವರ ಜೊತೆ ಮಾತಾಡಿದಷ್ಟು ಸರಿಯಾಗಿತ್ತು, ಆದರೆ ದುಬಾರಿ. ಎರಡನೆಯದರಲ್ಲಿ ಆಡಿದ ಮಾತೇ ತಿರುಗಿ ನಮ್ಮ ಕಿವಿಗೆ ಬರುತ್ತಿತ್ತು. ಗಂಡನಿಗೆ ಬೈದ ಬೈಗುಳವನ್ನು ಹೆಂಡತಿ ತಾನೇ ಕೇಳಿಸಿಕೊಂಡು ಕೂರಬೇಕು! ಮೂರನೆಯದು ಎಲ್ಲಕ್ಕಿಂತ ಸೋವಿ, ದನಿಯೂ ಸ್ವಚ್ಛ. ಆದರೆ ತಡ. ಇಲ್ಲಿಂದ ಹೋದ ಮಾತು ಅಲ್ಲಿ ಮುಟ್ಟಿ, ಅಲ್ಲಿಯ ಮಾತು ಇಲ್ಲಿಗೆ ಬರಲು ನಿಧಾನವಾಗಿ ಮೂರು ಎಣಿಸುವಷ್ಟು ಹೊತ್ತು ಬೇಕು.

ಧಾರವಾಡದ ಮಂದಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ನಮ್ಮವರು ಫೋನು ಎತ್ತಿದರೆ ಮೊದಲು ‘ಹೇಳ್ರಿ’ ಅನ್ನುತ್ತಾರೆ. ಆ ಕಡೆಯವರು ‘ನೀವ ಹೇಳ್ರಿ’ ಅನ್ನುತ್ತಾರೆ. ‘ಆರಾಮ ಅದೀರಿ?’ ‘ಆರಾಮ್ರಿ, ನೀವು?’ ‘ಊಟ ಆತ್ರಿ?’ ಈ ಮರ್ಯಾದೆಯೆಲ್ಲ ಆ ಮೂರನೆಯ ಲೈನಿನಲ್ಲಿ ಒಂದರ ಮೇಲೊಂದು ಬಿದ್ದು ಚೂರಾಗುತ್ತಿತ್ತು. ಇಬ್ಬರೂ ಒಟ್ಟಿಗೇ ಮಾತಾಡುವರು, ಒಟ್ಟಿಗೇ ಸುಮ್ಮನಾಗುವರು. ಅದಕ್ಕೆ ನಾನು ಪ್ರತಿಯೊಬ್ಬರಿಗೂ ಹೆಡ್‌ಫೋನು ಕೊಡುವಾಗಲೇ ಪಾಠ ಹೇಳುತ್ತಿದ್ದೆ: “ನಿಮ್ಮ ಮಾತು ಮುಗದ ಮ್ಯಾಲ ಗಪ್ ಕುಂದರ್ರಿ. ಮನಸಿನ್ಯಾಗ ಒಂದು, ಎರಡು, ಮೂರು ಎಣಸ್ರಿ. ಆಮ್ಯಾಲ ಅವರ ಮಾತು ಬರ್ತೈತಿ. ಅವರು ತಡಾ ಮಾಡಾಕತ್ತಾರ ಅಂತ ಸಿಟ್ಟಿಗೇಳಬ್ಯಾಡ್ರಿ, ತಡಾ ಮಷೀನಿಂದು.” ದಿನಕ್ಕೆ ಹತ್ತು ಸಲ ಹೇಳುತ್ತಿದ್ದೆ. ಎರಡು ವರ್ಷದಲ್ಲಿ ಈ ಪಾಠವನ್ನು ಒಬ್ಬರಿಗೆ ಮಾತ್ರ ಹೇಳಲಿಲ್ಲ. ನಮ್ಮ ಅಪ್ಪನಿಗೆ.

ಅಪ್ಪ ಹುಬ್ಬಳ್ಳಿಯ ಪೇಟೆಯಲ್ಲಿ ಹತ್ತಿಯ ವ್ಯಾಪಾರಿ. ಹಣೆ ತುಂಬ ವಿಭೂತಿ, ಬಾಯಿ ತುಂಬ ಶಿವನಾಮ, ಮನೆಯಲ್ಲಿ ಮಾತ್ರ ಹುಲಿ. ಅವರ ವ್ಯಾಪಾರ ಅರ್ಧಕ್ಕರ್ಧ ಫೋನಿನ ಮೇಲೆ ನಡೆಯುತ್ತಿತ್ತು. ದರ ಕೇಳಿದ ಕೂಡಲೇ ಆ ಕಡೆಯವನು ದರ ಹೇಳಿದರೆ ಸೌದಾ. ಒಂದು ಉಸಿರು ತಡವಾದರೂ ಫೋನು ಕುಕ್ಕಿಬಿಡುವರು. “ಖರೇ ಹೇಳಾಂವಗ ವಿಚಾರ ಮಾಡೂದು ಏನಿರ್ತೈತಿ?” ಅಂತ ಕೇಳುವರು. ಈ ರೀತಿಯಲ್ಲೇ ನಾಲ್ಕು ದಶಕ ಪೇಟೆಯಲ್ಲಿ ಮೋಸಹೋಗದೆ ಬದುಕಿದವರು. ಮನೆಯಲ್ಲೂ ಅದೇ ಕಾನೂನು. ಎಲ್ಲಿ ಹೋಗಿದ್ದೆ ಅಂತ ಕೇಳಿದಾಗ ನಾವು ಹೆಣ್ಣುಮಕ್ಕಳು ತಕ್ಷಣ ಉತ್ತರ ಕೊಡಬೇಕು. ತಡವರಿಸಿದರೆ ಕಪಾಳಕ್ಕೆ ಬೀಳುತ್ತಿತ್ತು.

ಹೆಣ್ಣುಮಕ್ಕಳೆಂದರೆ ಅಕ್ಕ ಮತ್ತು ನಾನು. ಅವ್ವ ತೀರಿಕೊಂಡಾಗ ಅಕ್ಕ ಪಿಯುಸಿಯಲ್ಲಿದ್ದಳು. ಮಣ್ಣು ಮಾಡಿ ಬಂದ ಮರುದಿನದಿಂದಲೇ ರೊಟ್ಟಿ ಬಡಿಯಲು ಕೂತವಳು ಕಾಲೇಜಿನ ಕಡೆ ತಿರುಗಿ ನೋಡಲಿಲ್ಲ. ನನ್ನ ಜಡೆ ಹೆಣೆದವಳು ಅವಳು, ಫೀ ಕಟ್ಟಲು ಅಪ್ಪನ ಕಾಲು ಹಿಡಿದವಳು ಅವಳು. ಇಪ್ಪತ್ತೆಂಟು ತುಂಬಿತ್ತು. ಹನ್ನೊಂದು ವರಗಳು ಬಂದು, ಉಪ್ಪಿಟ್ಟು ತಿಂದು, ಕೈ ತೊಳೆದುಕೊಂಡು ಹೋಗಿದ್ದರು. ಒಬ್ಬನಂತೂ ಬಣ್ಣ ಕಪ್ಪು ಅಂತ ಅವಳೆದುರಿಗೇ ಅಂದು, ಇನ್ನೊಂದು ಕಪ್ಪು ಚಹಾ ಕೇಳಿದ. ದರಿದ್ರ ಮೂಳ!

ಹನ್ನೆರಡನೆಯವನು ಲಕಮನಹಳ್ಳಿಯ ಕಾರ್ಖಾನೆಯಲ್ಲಿ ಲೇತ್ ಕೆಲಸ ಕಲಿತು ಮಸ್ಕತ್ತಿಗೆ ಹೋದವನು. ಅಲ್ಲಿ ಪೈಪಿನ ಕಂಪನಿಯಲ್ಲಿ ಸೂಪರ್‌ವೈಸರ್. ರಜೆಯಲ್ಲಿ ಬಂದು ಅಕ್ಕನನ್ನು ನೋಡಿದ. ಎಲ್ಲರೆದುರಿಗೆ ಅವಳ ಕಡೆಗೇ ತಿರುಗಿ, “ನಿಮಗ ನಾ ಒಪ್ಪಿಗಿ ಅದೇನೇನ್ರಿ?” ಅಂತ ಕೇಳಿಬಿಟ್ಟ. ಅವಳನ್ನು ಹಾಗೆ ಕೇಳಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಆ ದಿನದಿಂದ ಅಕ್ಕ ಪಾತ್ರೆ ತಿಕ್ಕುವಾಗ ಹಾಡಿಕೊಳ್ಳುವುದಕ್ಕೆ ಶುರು ಮಾಡಿದಳು. ಅವನ ಕಡೆಯವರು ಒಂದು ಹಸಿರು ಇಳಕಲ್ ಸೀರೆ ಕೊಟ್ಟು ಮಾತು ಗಟ್ಟಿ ಮಾಡಿದರು. ಮುಂದಿನ ರಜೆಗೆ ಲಗ್ನ ಅಂತಾಯಿತು.

ಅದೇ ವಾರ ಅಪ್ಪ ಊಟಕ್ಕೆ ಕೂತಾಗ ನನಗೆ ಹೇಳಿದರು: “ಅಕ್ಕನ ಲಗ್ನ ಆದ ಮ್ಯಾಲ ನಿನ್ನ ಸಾಲಿ ಸಾಕು. ಮನ್ಯಾಗ ಒಬ್ಬಾಕಿ ಬೇಕು.”

ಮೊದಲ ವರ್ಷದಲ್ಲಿ ವಿಭಾಗಕ್ಕೇ ನಾನು ಮೊದಲಿಗಳಾಗಿದ್ದೆ. ಇನ್ನೊಂದು ವರ್ಷ ಮುಗಿದರೆ ಲೆಕ್ಚರರ್ ಆಗುವ ಆಸೆ. ನನಗೆ ಮೈಯೆಲ್ಲ ಉರಿದುಹೋಯಿತು. ಉರಿದದ್ದು ಅಪ್ಪನ ಮೇಲಾಗಬೇಕಿತ್ತು. ಅಪ್ಪನ ಮೇಲೆ ಸಿಟ್ಟು ಮಾಡುವ ಧೈರ್ಯ ಎಲ್ಲಿಂದ ತರಲಿ? ಹಾಡಿಕೊಳ್ಳುತ್ತಿದ್ದ ಅಕ್ಕನ ಮೇಲೆ ಮಾಡಿದೆ. ಅವಳ ಖುಷಿ ನನ್ನ ಕಣ್ಣಿಗೆ ಮುಳ್ಳಾಯಿತು. ಹೇಳಿಕೊಳ್ಳುವಂಥದ್ದಲ್ಲ ಇದು, ಆದರೆ ಹಾಗೇ ಇತ್ತು.

ಕೆಲವು ದಿನಕ್ಕೆ ಪೇಟೆಯಲ್ಲಿ ಯಾರೋ ಅಪ್ಪನ ಕಿವಿ ಊದಿದರು. ಮಸ್ಕತ್ತಿಗೆ ಹೋದವರೆಲ್ಲ ಸೂಪರ್‌ವೈಸರ್ ಅಂತಲೇ ಹೇಳುತ್ತಾರೆ, ಹೋಗಿ ನೋಡಿದರೆ ಹೆಲ್ಪರ್, ಮೇಲೆ ಅಲ್ಲೊಂದು ಸಂಸಾರವೂ ಇರುತ್ತದೆ ಅಂತ. ಅಪ್ಪ ಹುಡುಗನನ್ನೇ ಕೇಳಿಬಿಡೋಣ ಅಂದುಕೊಂಡರು. ಬೂತಿನ ದರ ಕೇಳಿ ಗಾಬರಿಯಾಗಿ ನನ್ನ ಹತ್ತಿರ ಬಂದರು.

“ನಿಮ್ಮ ಸೆಂಟರಿನ್ಯಾಗ ಮೂರ ನಮೂನಿ ಅದಾವಂತಲಾ, ಯಾವ್ದು ಛಲೋ ಐತಿ?”

“ಮೂರನೇದು ಅಪ್ಪಾ. ಎಲ್ಲಕಿಂತ ಸೋವಿ. ದನೀನೂ ಅಗದೀ ಸ್ವಚ್ಛ.”

ಎರಡರಲ್ಲಿ ಒಂದೂ ಸುಳ್ಳಲ್ಲ ನೋಡಿ.

ಶುಕ್ರವಾರ ಮಸ್ಕತ್ತಿನಲ್ಲಿ ಸೂಟಿ. ಮಧ್ಯಾಹ್ನ ಅಪ್ಪ ಬಂದರು. ಮೂಲೆಯ ಗೂಡಿನಲ್ಲಿ ಕೂರಿಸಿದೆ. ಹೆಡ್‌ಫೋನು ಬೇಡ, ಸ್ಪೀಕರಿಗೆ ಹಾಕು, ನೀನೂ ಕೇಳು ಅಂದರು. ನಾನೇ ನಂಬರು ಹಚ್ಚಿ, ನಾನು ತಂಗಿ ಮಾತಾಡುವುದು, ಅಪ್ಪ ಇದ್ದಾರೆ ಅಂತ ಹೇಳಿ ಪಕ್ಕದ ಸ್ಟೂಲಿನ ಮೇಲೆ ಕೂತೆ.

“ನೀನು ಅಲ್ಲೆ ಸೂಪರ್‌ವೈಸರ್ ಹೌದೋ ಅಲ್ಲೋ?” ಅಪ್ಪ ಕೇಳಿದರು.

ಒಂದು. ಎರಡು. ಮೂರು. ಅಪ್ಪನ ಹೆಬ್ಬೆರಳು ಟೇಬಲ್ಲಿನ ಅಂಚನ್ನು ಬಡಿಯುತ್ತಿತ್ತು.

“ಹೌದ್ರಿ ಮಾಮಾರ. ಕಾಗದಾ ಬೇಕಾರ ಕಳಸ್ತೇನ್ರಿ.”

“ಅಲ್ಲೆ ನಿನಗ ಬ್ಯಾರೆ ಸಂಸಾರ ಐತಿ ಅಂತಾರ. ಖರೇ ಏನು?”

ಮತ್ತೆ ಮೌನ. ಇಂಥ ಪ್ರಶ್ನೆಯ ಮುಂದೆ ಮೂರು ಎಣಿಸುವಷ್ಟು ಮೌನ ಎಷ್ಟು ಉದ್ದವಿರುತ್ತದೆ ಅಂತ ನನಗೆ ಆವತ್ತೇ ಗೊತ್ತಾದದ್ದು. ಅಪ್ಪ ತಾಳಲಾರದೆ “ಹಲೋ! ಹಲೋ!” ಅಂದರು. ಅವನು ಅಂದ “ಇಲ್ರಿ” ಆ ಹಲೋದ ಕೆಳಗೆ ಸಿಕ್ಕಿ ಸತ್ತಿತು. ಆಮೇಲೆ ಅವನಿಗೆ ಇವರ ಹಲೋ ಮುಟ್ಟಿತು. “ಹಾಂ, ಏನಂದ್ರಿ ಮಾಮಾರ?” ಅಂತ ಕೇಳಿದ.

ಅಪ್ಪ ನನ್ನ ಕಡೆ ನೋಡಿ ನಕ್ಕರು. “ಕೇಳಿಸಿಲ್ಲಂತ ನಾಟಕಾ ಮಾಡಾಕತ್ತಾನ.”

ಮೂರು ಎಣಿಸಿರಿ ಅಪ್ಪಾ ಅಂತ ಒಂದು ಮಾತು. ಅಷ್ಟೇ ಬೇಕಿತ್ತು. ನಾನು ನನ್ನ ಉಗುರು ನೋಡುತ್ತ ಕೂತೆ. ಅಪ್ಪ ಇನ್ನೆರಡು ಪ್ರಶ್ನೆ ಕೇಳಿ, ಎರಡು ಸಲವೂ ಹೆಬ್ಬೆರಳು ಬಡಿದು, ಸಾಕು ಕಟ್ ಮಾಡು ಅಂದರು.

ಮನೆಗೆ ಬಂದು, ಹುಡುಗ ಉತ್ತರಕ್ಕೆ ತಡವರಿಸಿದ, ಸಂಬಂಧ ಮುರಿಯಿತು ಅಂತ ಅವನ ಕಡೆಯವರಿಗೂ ಅಕ್ಕನಿಗೂ ಹೇಳಿದರು. ಅವಳು “ಫೋನಿನ್ಯಾಗ ಹಂಗ ಆಗಿರಬೇಕ್ರಿ ಅಪ್ಪಾ...” ಅಂತ ಬಾಯಿ ತೆರೆದಳು. “ಫೋನು ನಿನಗ ಗೊತ್ತೋ ನನಗ ಗೊತ್ತೋ?” ಅಂದರು. ಅವಳು ಒಳಗೆ ಹೋದಳು. ಆವತ್ತೂ ಅಡುಗೆ ಹೊತ್ತಿಗೆ ಸರಿಯಾಗಿ ಆಯಿತು.

ಇಪ್ಪತ್ತು ದಿನ ಕಳೆದಿತ್ತು. ಒಂದು ಬೆಳಿಗ್ಗೆ ಹುಡುಗ ಒಬ್ಬನೇ ಮನೆಗೆ ಬಂದ. ರಜೆ ಕೊಡಲಿಲ್ಲವಂತೆ, ಜಗಳ ಮಾಡಿ ಬಂದಿದ್ದ. ಮೂರು ದಿನದ ಗಡ್ಡ. ಅಪ್ಪ ಕೂಡ್ರು ಅನ್ನಲಿಲ್ಲ. ನಮ್ಮ ಕಡೆ ವೈರಿ ಬಂದರೂ ಮೊದಲು ಒಂದು ತಂಬಿಗೆ ನೀರು ಕೊಡುತ್ತಾರೆ. ಅಕ್ಕ ನೀರು ತಂದು ಬಾಗಿಲಿನ ಹತ್ತಿರ ಬಂದಳು. ಅಪ್ಪ ಕೈ ಮಾಡಿ ತಡೆದರು. ಅವಳು ತಂಬಿಗೆ ಹಿಡಿದುಕೊಂಡು ಅಲ್ಲೇ ನಿಂತಳು.

“ಮಾಮಾರ, ಆವತ್ತ ಕೇಳಿದ್ದು ಎಲ್ಲಾ ಈಗ ಕೇಳ್ರಿ. ನಿಮ್ಮ ಮುಂದ ನಿಂತೇನಿ,” ಅಂದ ಅವನು. ಕಂಪನಿಯ ಕಾಗದ ತೆಗೆದು ಮುಂದೆ ಹಿಡಿದ. ಅಪ್ಪ ಮುಟ್ಟಲಿಲ್ಲ.

“ಇಪ್ಪತ್ತ ದಿನಾ ಬಾಯಿಪಾಠ ಮಾಡಿ ಬಂದಾಂವನ ಏನ ಕೇಳೂದು?”

“ಅದು ನೆಟ್ಟಿನ ಫೋನ್ರಿ. ಮಾತು ತಡಾ ಆಗಿ ಮುಟ್ತೈತ್ರಿ. ನಾ ತಡಾ ಮಾಡಿಲ್ಲ. ಗುರುವಿನ ಆಣಿ ಮಾಡಿ ಹೇಳ್ತೇನ್ರಿ.” ನಂತರ ನನ್ನ ಕಡೆ ತಿರುಗಿದ. “ತಂಗೀ, ನೀವ ಅಲ್ಲೆ ಇದ್ರಿ. ದಿನಾ ಅದ ಕೆಲಸಾ ಮಾಡ್ತೀರಿ. ನೀವ ಹೇಳ್ರಿ.”

ಅಪ್ಪನೂ ನನ್ನ ಕಡೆ ನೋಡಿದರು. ಅವರಿಗೂ ಅನುಮಾನ ಬಂದಿತ್ತು, ಮುಖದಲ್ಲೇ ಕಾಣುತ್ತಿತ್ತು. “ಹೌದೇನವಾ? ಆ ಮಷೀನಿನ್ಯಾಗ ಮಾತು ತಡಾ ಆಗಿ ಬರ್ತೈತೇನು?”

ಅಕ್ಕ ತಂಬಿಗೆ ಹಿಡಿದವಳು ನನ್ನನ್ನೇ ನೋಡುತ್ತಿದ್ದಳು. ಹೌದು ಅಂದರೆ ಅವಳು ಮಸ್ಕತ್ತಿಗೆ, ನಾನು ಒಲೆಯ ಮುಂದೆ.

“ಇಲ್ಲ ಅಪ್ಪಾ. ಲಗೂನ ಬರ್ತೈತಿ,” ಅಂದೆ.

ಒಂದು ಉಸಿರಿನಷ್ಟೂ ತಡ ಮಾಡಲಿಲ್ಲ. ಹಾಗೆ ಉತ್ತರ ಕೊಡುವುದನ್ನು ಅಪ್ಪನೇ ಹೊಡೆದು ಕಲಿಸಿದ್ದರು. ಅಪ್ಪ ತಲೆಯಾಡಿಸಿದರು. ಹುಡುಗ ನನ್ನ ಮುಖ ನೋಡಿದ. ಅವನಿಗೆ ಸಿಟ್ಟೂ ಬರಲಿಲ್ಲ, ಯಾಕೆ ಅಂತ ತಿಳಿಯದೆ ಸುಮ್ಮನೆ ನೋಡಿದ.

ಅಕ್ಕ ತಂಬಿಗೆಯನ್ನು ಕೆಳಗಿಟ್ಟು ಒಳಗೆ ಹೋಗಿ ಆ ಹಸಿರು ಸೀರೆಯನ್ನು ತಂದಳು. ಮಡಿಕೆ ಕೂಡ ಬಿಚ್ಚಿರಲಿಲ್ಲ. ಅವನ ಕೈಯಲ್ಲಿ ಕೊಡದೆ ಹೊಸ್ತಿಲಿನ ಆಚೆಗೆ ಇಟ್ಟು, “ಹೋಗ್ರಿ,” ಅಂದಳು. ಅವಳು ಅವನೊಂದಿಗೆ ಆಡಿದ ಕೊನೆಯ ಮಾತು ಅದು. ಅವನು ಬಗ್ಗಿ ಸೀರೆ ಎತ್ತಿಕೊಂಡು ಹೋದ.

ಅಡುಗೆಮನೆಯಲ್ಲಿ ನನ್ನನ್ನು ಅಪ್ಪಿಕೊಂಡು ಗಳಗಳ ಅತ್ತಳು. “ನೀ ಇದ್ದಿ ಅಂತ ಉಳದ್ನಿ. ನಾ ಅವನ್ನ ನಂಬಿದ್ನೆಲ್ಲವಾ, ಹುಚ್ಚಿ!” ನಾನು ಅವಳ ಬೆನ್ನು ಸವರಿದೆ. ಅವಳ ಕೈಯ ಹಿಟ್ಟು ನನ್ನ ಕಾಲೇಜಿನ ಡ್ರೆಸ್ಸಿಗೆ ಹತ್ತಿತು. ಹತ್ತಿದ್ದು ನೋಡಿ ಅವಳೇ ಬೇರೆ ಡ್ರೆಸ್ಸು ಇಸ್ತ್ರಿ ಮಾಡಿಕೊಟ್ಟಳು. ಆ ದಿನದ ಮೊದಲ ಕ್ಲಾಸು ನನಗೆ ತಪ್ಪಲಿಲ್ಲ.

ನಾನು ಎಂ.ಎ. ಮುಗಿಸಿದೆ, ಕೆಲಸ ಸಿಕ್ಕಿತು, ಲಗ್ನವಾಯಿತು. ಆ ಹುಡುಗನೂ ಬೇರೆ ಕಡೆ ಲಗ್ನವಾದ. ಹೆಂಡತಿಯನ್ನು ಕರೆದುಕೊಂಡು ಹೋದ. ಅವನ ಬಗ್ಗೆ ಇವತ್ತಿನವರೆಗೆ ಒಂದು ಕೆಟ್ಟ ಮಾತು ನನ್ನ ಕಿವಿಗೆ ಬಿದ್ದಿಲ್ಲ. ಬೀಳಲಿ ಅಂತ ನಾನು ಕಾದದ್ದುಂಟು. ಅಕ್ಕನಿಗೆ ಮತ್ತೆ ವರ ನೋಡುವ ಗೋಜಿಗೆ ಅಪ್ಪ ಹೋಗಲಿಲ್ಲ. ಅವರಿಗೆ ಹೊತ್ತಿಗೆ ಸರಿಯಾಗಿ ಊಟ ಸಿಗುತ್ತಿತ್ತು.

ಮೊನ್ನೆ ಮಗಳನ್ನು ಕರೆದುಕೊಂಡು ತವರುಮನೆಗೆ ಹೋಗಿದ್ದೆ. ಮಗಳಿಗೆ ಹತ್ತು ವರ್ಷ. ನೀ ಯಾಕೆ ಲಗ್ನ ಆಗಿಲ್ಲ ದೊಡ್ಡವ್ವಾ ಅಂತ ಕೇಳಿಯೇಬಿಟ್ಟಳು. ನನ್ನ ಕೈ ಊಟದ ಗಂಗಾಳದಲ್ಲೇ ನಿಂತಿತು. ಅಕ್ಕ ನಕ್ಕು, ಅವಳ ತಲೆ ನೇವರಿಸಿ ಹೇಳಿದಳು: “ಒಬ್ಬ ಸುಳ್ಳ್ಯಾ ಬಂದಿದ್ದವಾ. ನಿಮ್ಮವ್ವ ಇದ್ಲು, ನನ್ನ ಉಳಿಸಿದ್ಲು. ಅಕಿ ಅವತ್ತ ಬಾಯಿ ತಗೀಲಿಲ್ಲಂದ್ರ ನನ್ನ ಬಾಳೇ ಹಾಳಾಗತಿತ್ತು.”

ಮಗಳು ಹೆಮ್ಮೆಯಿಂದ ನನ್ನ ಮುಖ ನೋಡಿದಳು. ಅಕ್ಕ ನನ್ನ ಗಂಗಾಳಕ್ಕೆ ಇನ್ನೊಂದು ಬಿಸಿ ರೊಟ್ಟಿ ಹಾಕಿದಳು. ನಾನು ಮುರಿದು ತಿಂದೆ.