ಗಿರಿಜಮ್ಮನವರ ಗಾಡಿಯ ರಿಲೇ

ಮೂರು ವರ್ಷದ ಹಿಂದೆ ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ನಾನೂ ಚನ್ನೇಶನೂ ಪಾಲುದಾರರಾಗಿ ಎಲೆಕ್ಟ್ರಿಕಲ್ ವರ್ಕ್‌ಶಾಪ್ ನಡೆಸುತ್ತಿದ್ದೆವು. ಹರಿಹರದ ನಿವೃತ್ತ ಮೇಷ್ಟ್ರು ಶಿವಮೂರ್ತಿಯವರು ಮಿನಿಬಸ್ಸೊಂದನ್ನು ಮನೆಯಂತೆ ಮಾಡಿಸಿ, ಅದರ ವೈರಿಂಗನ್ನು ನಮಗೆ ಒಪ್ಪಿಸಿದರು. ಅವರ ಹೆಂಡತಿ ಗಿರಿಜಮ್ಮನವರಿಗೆ ಶ್ವಾಸಕೋಶದ ಕಾಯಿಲೆ. ಕರೆಂಟಿನಲ್ಲಿ ನಡೆಯುವ ಆಕ್ಸಿಜನ್ ಯಂತ್ರ ಸದಾ ಜೊತೆಗಿರಬೇಕು. ಒಮ್ಮೆ ಕಾರವಾರದ ತಂಗಿಯ ಮನೆಗೆ ಹೋಗಿಬರಬೇಕೆಂಬುದು ಅವರ ಆಸೆ.

ಇಂಥ ಗಾಡಿ ನಿಂತಲ್ಲೆಲ್ಲ ಯಾರದೋ ಪ್ಲಗ್ಗಿನಿಂದ ಕರೆಂಟ್ ಪಡೆಯುತ್ತದೆ. ಸಿಡಿಲಿನಿಂದ ಕ್ಷಣಮಾತ್ರ ಬರುವ ಹೊಡೆತವನ್ನು ಸರ್ಜ್ ಪ್ರೊಟೆಕ್ಟರ್ ತಡೆಯುತ್ತದೆ. ಆದರೆ ಲೈನಿನ ನ್ಯೂಟ್ರಲ್ ತಂತಿ ಕಡಿದುಹೋದರೆ 230 ವೋಲ್ಟ್ ಇರಬೇಕಾದದ್ದು 400ರ ಹತ್ತಿರ ಏರಿ ಅಲ್ಲೇ ನಿಲ್ಲಬಹುದು. ಆಗ ಕರೆಂಟನ್ನೇ ಕತ್ತರಿಸುವ ವೋಲ್ಟೇಜ್ ರಿಲೇ ಬೇಕು. ಎರಡನ್ನೂ ನಾನೇ ಹಾಕಿದೆ.

ವಾರಕ್ಕೇ ಮೇಷ್ಟ್ರ ಫೋನ್ ಬಂತು. "ನಿಮ್ಮ ರಿಲೇ ಹೊಸ ಅಳಿಯ ಇದ್ದಂಗೈತೆ ಸಾಹೇಬ್ರೆ, ಮಾತುಮಾತಿಗೂ ಮುನಿಸ್ಕೊಂಡು ಕರೆಂಟ್ ತೆಗೀತೈತೆ."

ಚನ್ನೇಶ ಹೋಗಿಬಂದು, "ಸೆಟ್ಟಿಂಗ್ ಸರಿ ಮಾಡೀನಿ" ಎಂದ. ಎಲ್ಲ ಸರಿಯಿದೆ ಎಂಬ ಟೆಸ್ಟ್ ಶೀಟಿಗೆ ನಾನು ಸಹಿ ಹಾಕಿದೆ. ಗಾಡಿ ನೋಡಿಯೇ ಹಾಕಿದೆ ಎಂದು ಹಲವರಿಗೆ ಹೇಳಿದ್ದೇನೆ. ನೋಡಿದ್ದು ಅವನ ಫೋನಿನಲ್ಲಿದ್ದ ಫೋಟೊ ಇರಬೇಕು. ಅದರಲ್ಲಿ ವೋಲ್ಟೇಜ್ ತೋರಿಸುವ ರಿಲೇಯ ಹಸಿರು ಅಂಕಿ ಬೆಳಗುತ್ತಿತ್ತು.

ಕಾರವಾರಕ್ಕೆ ಹೊರಡುವ ಬೆಳಿಗ್ಗೆ ಮನೆಯ ಮುಂದೆ, ಗಾಡಿ ಇನ್ನೂ ಪ್ಲಗ್ಗಿನಲ್ಲಿದ್ದಾಗಲೇ ಬೀದಿಯ ನ್ಯೂಟ್ರಲ್ ತಂತಿ ಕಡಿದುಹೋಯಿತು. ಗಿರಿಜಮ್ಮ ಒಳಗೆ ಕೂತಿದ್ದರು. ಯಂತ್ರ ಸುಟ್ಟು ಹೊಗೆ ತುಂಬಿತು. ಮೇಷ್ಟ್ರು ಅವರನ್ನು ಎತ್ತಿಕೊಂಡೇ ಮನೆಯೊಳಗೆ ತಂದು ತುರ್ತಿಗೆಂದು ಇಟ್ಟಿದ್ದ ಆಕ್ಸಿಜನ್ ಸಿಲಿಂಡರಿನ ನಳಿಕೆ ಹಚ್ಚಿ ಉಳಿಸಿಕೊಂಡರು.

ನಾನು ಹೋಗಿ ಪ್ಯಾನೆಲ್ ಬಿಚ್ಚಿದೆ. ಕರೆಂಟು ರಿಲೇಯ ಮೂಲಕ ಹಾಯದೆ ಪಕ್ಕದಿಂದ ನೇರವಾಗಿ ಯಂತ್ರಕ್ಕೆ ಹೋಗುತ್ತಿತ್ತು. ನಮ್ಮ ಕಡೆ ಇದಕ್ಕೆ 'ಡೈರೆಕ್ಟ್ ಮಾಡೋದು' ಎನ್ನುತ್ತಾರೆ. ರಿಲೇ ಪದೇಪದೇ ಟ್ರಿಪ್ ಆಗಿ ಕರೆಂಟ್ ಹೋದರೆ ಗಿರಾಕಿ ಸಹಿಸುವುದಿಲ್ಲ. ಆದರೆ ಚನ್ನೇಶ ಅಂಕಿ ಮಾತ್ರ ಬೆಳಗುತ್ತಿರಲೆಂದು ತೆಳುವಾದ ವೈರೊಂದನ್ನು ರಿಲೇಗೆ ಬೇರೆಯಾಗಿ ಎಳೆದಿದ್ದ. ಅವಸರದವನು ಅಷ್ಟು ಜತನ ಮಾಡುವುದಿಲ್ಲ.

"ಯಾಕ ಹೇಳ್ಲಿಲ್ಲ?" ಎಂದು ವರ್ಕ್‌ಶಾಪಿಗೆ ಮರಳಿ ಅವನನ್ನು ಕೇಳಿದೆ.

"ಹೇಳಿದ್ರೆ ಬ್ಯಾಡ ಅಂತಿದ್ರಿ. ಅವ್ರು ದಿನಾ ಫೋನ್ ಮಾಡಿ ಜೀವ ತಿಂತಿದ್ರು." ಎಂದ ಚನ್ನೇಶ. "ಇಕ್ಬಾಲಣ್ಣ, ಡೈರೆಕ್ಟ್ ಮಾಡೋದು ನಂಗೆ ಕಲಿಸ್ದೋರು ಯಾರು?"

ಕಲಿಸಿದ್ದೆ. ಅಂಕಿ ಬೆಳಗಿಸಿ ಮುಚ್ಚಿಡುವುದನ್ನು ಕಲಿಸಿರಲಿಲ್ಲ. ಹಾಗೆಂದೇ ನಂಬಿದ್ದೇನೆ. ಪಾಲುದಾರಿಕೆ ಅಲ್ಲಿಗೆ ಮುಗಿಯಿತು.

ಈಗ ಯಾವ ಕೆಲಸಕ್ಕೂ, ಗಿರಾಕಿಯ ಎದುರೇ ವೋಲ್ಟೇಜ್ ಏರಿಸಿ, ರಿಲೇ ಕರೆಂಟನ್ನು ಕತ್ತರಿಸುವುದನ್ನು ಕಣ್ಣಾರೆ ಕಂಡ ಮೇಲಷ್ಟೇ ಸಹಿ ಹಾಕುತ್ತೇನೆ. ಮೊದಲು ಹಾಗೆ ಮಾಡಿದ್ದು ಅದೇ ಗಾಡಿಯಲ್ಲಿ. ಹೊಸ ರಿಲೇ ಟಕ್ಕೆಂದು ಕತ್ತರಿಸಿತು. ಗಿರಿಜಮ್ಮ ಮನೆಯ ಬಾಗಿಲಿನಿಂದಲೇ ನೋಡಿದರು.

"ಚೆನ್ನಾಗೈತೆ ಬಿಡ್ರಿ ಸಾಹೇಬ್ರೆ," ಎಂದರು. "ನಾನು ತಂಗೀಗೇ ಇಲ್ಲಿಗೆ ಬಾ ಅಂದೀನಿ."